ಪರೋಕ್ಷವಿನಯ ಮತ್ತು ಹಸ್ತಪ್ರತಿ: ಅಗಲಿದವರ ನೆನಪಿಗೆ ಬರೆಸಿದ ಗ್ರಂಥಗಳನ್ನು ಕುರಿತು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿ ಶಾಸನಗಳನ್ನು ಓದುವವರಿಗೆ ‘ಪರೋಕ್ಷವಿನಯ’ ಎಂಬ ಪದ ಪರಿಚಿತವಾದುದು. ಗುರುಗಳು ಸಮಾಧಿಮರಣವನ್ನು ಹೊಂದಿದ ಮೇಲೆ ಶಿಷ್ಯರಾಗಲಿ, ಶ್ರಾವಕರಾಗಲಿ ಅವರ ಹೆಸರಿನಲ್ಲಿ ಕಲ್ಲನ್ನು ನಿಲ್ಲಿಸಿ, ಅದನ್ನು ಪರೋಕ್ಷವಿನಯಕ್ಕಾಗಿ ಮಾಡಿಸಿದುದೆಂದು ಬರೆಯಿಸಿದ್ದಾರೆ. ಈ ಪದವನ್ನು ‘ಸ್ಮಾರಕ’ ಎಂದು ಅನುವಾದಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಅದರಲ್ಲಿ ಅಷ್ಟಕ್ಕೆ ಮುಗಿಯದ ಅರ್ಥವಿದೆ. ಕಣ್ಣೆದುರಿಗೆ ಇಲ್ಲದವರನ್ನು ಒಂದು ವಸ್ತುವಿನ ಮೂಲಕ ಹತ್ತಿರ ಇರಿಸಿಕೊಳ್ಳುವ ಬಯಕೆ ಮನುಷ್ಯಸಹಜವಾದುದು. ಮಮತೆಯನ್ನು ಬಂಧಕಾರಣವೆಂದು ಹೇಳುವ ಜೈನಸಿದ್ಧಾಂತದಲ್ಲಿ ಈ ಬಯಕೆಗೆ ಯಾವ ಸ್ಥಾನ? ಕಲ್ಲಿನಲ್ಲಿ ಕಾಣುವ ಈ ಭಾವನೆಗೂ ಓಲೆಗರಿಯ ಗ್ರಂಥಗಳಿಗೂ ಇರುವ ಸಂಬಂಧವೇನು? ಇವನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ. ಇದು ಕೇವಲ ಶಾಸ್ತ್ರವಿಚಾರವಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿರುವ ಹಸ್ತಪ್ರತಿಗಳ ಅಳಿವು ಉಳಿವು ಇದನ್ನು ಅವಲಂಬಿಸಿದೆ.

1. ವಿನಯವೆಂದರೇನು?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಭ್ಯಂತರ ತಪಸ್ಸನ್ನು ಆರು ಬಗೆಯಾಗಿ ಹೇಳಿದೆ: ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ ಮತ್ತು ಧ್ಯಾನ. ಎರಡನೆಯದಾದ ವಿನಯದಲ್ಲಿ ಮತ್ತೆ ಜ್ಞಾನ, ದರ್ಶನ, ಚಾರಿತ್ರ, ಉಪಚಾರ ಎಂದು ನಾಲ್ಕು ಭೇದಗಳು. ಉಪಚಾರವಿನಯವನ್ನು ವಿವರಿಸುವಾಗ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಿದ್ದಾರೆ. ಆಚಾರ್ಯರು ಎದುರಿಗೆ ಬಂದಾಗ ಏಳುವುದು, ಮುಂದೆ ಹೋಗಿ ಬರಮಾಡಿಕೊಳ್ಳುವುದು, ಕೈಮುಗಿಯುವುದು ಒಂದು. ಅವರು ಪರೋಕ್ಷದಲ್ಲಿರುವಾಗಲೂ ಕಾಯ, ವಾಕ್ಕು, ಮನಸ್ಸುಗಳಿಂದ ಅಂಜಲಿ ಮಾಡುವುದು, ಅವರ ಗುಣಗಳನ್ನು ಕೀರ್ತಿಸುವುದು, ಮತ್ತೆ ಮತ್ತೆ ಸ್ಮರಿಸುವುದು ಮತ್ತೊಂದು. ಶಾಸನಗಳ ಪರೋಕ್ಷವಿನಯಕ್ಕೆ ಶಾಸ್ತ್ರಾಧಾರವು ಇಲ್ಲಿದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಅಗಲಿದವರ ಸ್ಮರಣೆಯನ್ನು ಲೋಕಾಚಾರವೆಂದು ಬದಿಗಿರಿಸದೆ ತಪಸ್ಸಿನೊಳಗೇ ಸೇರಿಸಿದೆ. ಎರಡನೆಯದಾಗಿ, ಸ್ಮರಣೆಯ ವಿಷಯವು ಗುಣ. ಆ ವ್ಯಕ್ತಿಯ ಶರೀರವಲ್ಲ, ಆತನಿಂದ ನಮಗೆ ದೊರೆತ ಸುಖವೂ ಅಲ್ಲ.

ಇದರ ಜೊತೆಗೆ ಸಿದ್ಧಾಂತದ ಇನ್ನೊಂದು ಮಾತನ್ನೂ ನೆನೆಯಬೇಕು. ದೇಹವನ್ನು ಬಿಟ್ಟ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಸಮಯದಲ್ಲಿ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಸಮಯವೆಂದರೆ ಕಾಲದ ಅತಿ ಸೂಕ್ಷ್ಮವಾದ ಅಂಶ. ಆದುದರಿಂದ ಅಗಲಿದವರ ಜೀವವು ಅವರು ಬಳಸಿದ ವಸ್ತುವಿನಲ್ಲಿ ನೆಲಸಿದೆ ಎಂಬುದಕ್ಕಾಗಲಿ, ನಾವು ಇಲ್ಲಿ ಕೊಟ್ಟುದು ಅವರನ್ನು ಮುಟ್ಟುತ್ತದೆ ಎಂಬುದಕ್ಕಾಗಲಿ ಸಿದ್ಧಾಂತದಲ್ಲಿ ಎಡೆಯಿಲ್ಲ. ಪರೋಕ್ಷವಿನಯದ ಫಲವು ಅದನ್ನು ಮಾಡಿದವನದು.

2. ವಸ್ತುವಿನಲ್ಲಿ ವ್ಯಕ್ತಿಯನ್ನು ಕಾಣುವುದು

ಹಾಗಾದರೆ ತಂದೆಯ ಕೈಬರಹವನ್ನು ಕಂಡಾಗ ತಂದೆಯೇ ಬಳಿಯಲ್ಲಿ ನಿಂತಂತೆ ಆಗುವ ಅನುಭವವು ಭ್ರಾಂತಿಯೇ? ಅಲ್ಲವೆಂಬುದೇ ನಮ್ಮ ತಾರ್ಕಿಕರ ಉತ್ತರ. ನೈಯಾಯಿಕರೂ ಮೀಮಾಂಸಕರೂ ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಜೈನರು ಒಪ್ಪುತ್ತಾರೆ. ಅಕಲಂಕರು ಹಾಕಿಕೊಟ್ಟ ದಾರಿಯಲ್ಲಿ ಮಾಣಿಕ್ಯನಂದಿಗಳು ಪರೀಕ್ಷಾಮುಖದಲ್ಲಿ ಪರೋಕ್ಷ ಪ್ರಮಾಣವನ್ನು ಐದಾಗಿ ವಿಂಗಡಿಸಿದ್ದಾರೆ: ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ. ಹಿಂದೆ ಆದ ಅನುಭವದ ಸಂಸ್ಕಾರವು ಎಚ್ಚತ್ತಾಗ ‘ಆತನು’ ಎಂಬ ಆಕಾರದಿಂದ ಹುಟ್ಟುವ ಜ್ಞಾನವೇ ಸ್ಮೃತಿ. ಅದು ಯಥಾರ್ಥ ಜ್ಞಾನವೇ ಹೊರತು ಮನಸ್ಸಿನ ಕಲ್ಪನೆಯಲ್ಲ. ಆಗಮವೂ ಸ್ಮೃತಿಯೂ ಒಂದೇ ವರ್ಗದಲ್ಲಿ ಸೇರಿರುವುದನ್ನು ಹಸ್ತಪ್ರತಿಗಳ ಅಭ್ಯಾಸಿಗಳು ಮರೆಯಬಾರದು.

ವಸ್ತುವೊಂದು ಈ ಸಂಸ್ಕಾರವನ್ನು ಎಚ್ಚರಿಸುವ ಬಗೆಯನ್ನು ತಿಳಿಯಲು ನಿಕ್ಷೇಪವಿಚಾರವು ನೆರವಾಗುತ್ತದೆ. ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕರಲ್ಲಿ, ಒಂದು ವಸ್ತುವಿನಲ್ಲಿ ‘ಅವನೇ ಇವನು’ ಎಂದು ಮನಸ್ಸು ನೆಲೆಗೊಳಿಸುವುದು ಸ್ಥಾಪನೆ. ಅದು ಎರಡು ಬಗೆ. ಜಿನಬಿಂಬದಂತೆ ಆಕಾರಸಾದೃಶ್ಯವುಳ್ಳದ್ದು ತದಾಕಾರ. ಚದುರಂಗದ ಕಾಯಿಯನ್ನು ಆನೆಯೆಂದೂ ರಾಜನೆಂದೂ ಎಣಿಸುವಂತೆ ಸಾದೃಶ್ಯವಿಲ್ಲದ್ದು ಅತದಾಕಾರ. ನೆನಪಿಗೆ ಇರಿಸಿಕೊಂಡ ವಸ್ತುಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಓಲೆಯ ಕಟ್ಟು ಯಾರ ಮುಖವನ್ನೂ ಹೋಲುವುದಿಲ್ಲ. ಆದರೂ ಕಂಟದ ಒತ್ತು, ಅಕ್ಷರದ ಬಾಗು, ಪಂಕ್ತಿಯ ಕೊನೆಗೆ ಜಾಗ ಸಾಲದೆ ಕಿರಿದಾದ ಒತ್ತಕ್ಷರ ಇವೆಲ್ಲ ಬರೆದವನ ಕೈಯನ್ನು ಹೇಳುತ್ತವೆ. ಬಲ್ಲವರಿಗೆ ಆ ಕೈ ಸಾಕು.

3. ಆಕ್ಷೇಪ ಮತ್ತು ಸಮಾಧಾನ

ಇಷ್ಟಾದರೂ ಒಂದು ಪ್ರಬಲವಾದ ಆಕ್ಷೇಪ ಉಳಿಯುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಇರುವ ಮೂರ್ಛೆ, ಅಂದರೆ ಮಮತ್ವ ಎಂದು ಉಮಾಸ್ವಾತಿಗಳು ಹೇಳಿದ್ದಾರೆ. ಪ್ರಿಯವಾದುದು ಅಗಲಿದಾಗ ಅದು ಮತ್ತೆ ದೊರೆಯಲೆಂದು ಎಡೆಬಿಡದೆ ಚಿಂತಿಸುವುದು ಇಷ್ಟವಿಯೋಗಜವೆಂಬ ಆರ್ತಧ್ಯಾನ. ಸಲ್ಲೇಖನದ ಐದು ಅತಿಚಾರಗಳಲ್ಲಿ ಮಿತ್ರಾನುರಾಗವೂ ಒಂದು. ಹೀಗಿರುವಾಗ ಅಗಲಿದವರ ವಸ್ತುವನ್ನು ಎದೆಗವಚಿಕೊಂಡು ಕುಳಿತುಕೊಳ್ಳುವುದು ತಪಸ್ಸಾಗುವುದು ಹೇಗೆ?

ಸಮಾಧಾನವು ಆಭ್ಯಂತರ ತಪಸ್ಸಿನ ಕ್ರಮದಲ್ಲೇ ದೊರೆಯುತ್ತದೆ. ಅಲ್ಲಿ ವಿನಯದ ಬಳಿಕ ಸ್ವಾಧ್ಯಾಯವಿದೆ. ಸ್ವಾಧ್ಯಾಯದ ಬಳಿಕ ವ್ಯುತ್ಸರ್ಗವಿದೆ. ನೆನಪಿನ ವಸ್ತುವು ವಿನಯದಲ್ಲೇ ನಿಂತರೆ ಕ್ರಮೇಣ ಮೂರ್ಛೆಯಾಗುತ್ತದೆ. ಅದನ್ನು ಓದಿದರೆ ಸ್ವಾಧ್ಯಾಯ. ಬೇರೆಯವರಿಗೆ ಒದಗಿಸಿದರೆ ತ್ಯಾಗ. ಬೇರೆ ಯಾವ ವಸ್ತುವಿಗೂ ಈ ಮೂರು ಸ್ಥಿತಿಗಳು ಇಷ್ಟು ಸಹಜವಾಗಿ ಒದಗುವುದಿಲ್ಲ, ಗ್ರಂಥಕ್ಕೆ ಒದಗುತ್ತವೆ. ದಿಗಂಬರ ಮುನಿಗಳ ಉಪಕರಣಗಳು ಮೂರು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಮುನಿಗಳು ಇಲ್ಲವಾದ ಮೇಲೂ ಮಾತನಾಡುವುದು ಮೂರನೆಯದು.

ಪಿಂಛಿಯ ವಿಷಯದಲ್ಲೂ ಹಿರಿಯರು ಒಂದು ವಿವೇಕವನ್ನು ತೋರಿದ್ದಾರೆ. ಚಾತುರ್ಮಾಸದ ಬಳಿಕ ನಡೆಯುವ ಪಿಂಛಿ ಪರಿವರ್ತನೆಯಲ್ಲಿ ಮುನಿಗಳ ಹಳೆಯ ಪಿಂಛಿಯು ಗೃಹಸ್ಥರಿಗೆ ದೊರೆಯುತ್ತದೆ. ಆದರೆ ಅದನ್ನು ಪಡೆಯುವವರು ಬ್ರಹ್ಮಚರ್ಯವೇ ಮೊದಲಾದ ಒಂದು ನಿಯಮವನ್ನು ಸ್ವೀಕರಿಸಬೇಕು. ಗುರುವಿನ ವಸ್ತುವು ಮನೆಗೆ ಬರುವಾಗ ಗುರುವಿನ ಗುಣದ ಒಂದು ಅಂಶವೂ ಜೊತೆಯಲ್ಲೇ ಬರಬೇಕೆಂಬುದು ಇದರ ತಾತ್ಪರ್ಯ.

4. ಕಲ್ಲು ಮತ್ತು ಗ್ರಂಥ: ಐತಿಹಾಸಿಕ ನಿದರ್ಶನಗಳು

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಹೆಸರು ಬೆಳಗೊಳದ ಶಾಸನಗಳಲ್ಲಿ ಹಲವು ಬಾರಿ ಬರುತ್ತದೆ. ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಮಾಡಿಸಿದವನು ಅವನೇ. 1121ರ ಸುಮಾರಿನಲ್ಲಿ ಸಮಾಧಿಯನ್ನು ಹೊಂದಿದ ಪತ್ನಿ ಲಕ್ಕಲೆಗೂ, 1123ರಲ್ಲಿ ಅಗಲಿದ ಗುರು ಶುಭಚಂದ್ರ ಸಿದ್ಧಾಂತದೇವರಿಗೂ ಅವನು ನಿಸಿಧಿಗಳನ್ನು ಮಾಡಿಸಿದನು. ಯುದ್ಧದಲ್ಲಿ ಗೆದ್ದು ಬಂದ ದಂಡನಾಯಕನು ಕೆಲವೇ ವರ್ಷಗಳ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕಲ್ಲು ನಿಲ್ಲಿಸುತ್ತಾ ಹೋದುದನ್ನು ಆ ಬೆಟ್ಟದ ಮೇಲೆ ನಿಂತು ಓದುವಾಗ ಮನಸ್ಸು ಭಾರವಾಗುತ್ತದೆ. ಆದರೆ ಆ ಶಾಸನಗಳು ಶೋಕವನ್ನು ವರ್ಣಿಸುವುದಿಲ್ಲ. ಅಗಲಿದವರ ದಾನವನ್ನೂ ಶೀಲವನ್ನೂ ಶ್ರುತಜ್ಞಾನವನ್ನೂ ವರ್ಣಿಸುತ್ತವೆ. ಪೂಜ್ಯಪಾದರು ಹೇಳಿದ ಗುಣಸಂಕೀರ್ತನವು ಇದೇ.

ಕಲ್ಲಿಗೆ ಬದಲಾಗಿ ಕಾವ್ಯವನ್ನೇ ಪರೋಕ್ಷವಿನಯವಾಗಿ ಮಾಡಿಸಿದ ನಿದರ್ಶನವು ಇದಕ್ಕಿಂತ ಹಳೆಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಪೊನ್ನನು ಶಾಂತಿಪುರಾಣವನ್ನು ರಚಿಸಿದುದು ವೆಂಗಿನಾಡಿನ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರ ಪ್ರೇರಣೆಯಿಂದ. ತಮ್ಮ ಗುರು ಜಿನಚಂದ್ರದೇವರು ಅಗಲಿದ ಮೇಲೆ ಅವರ ನೆನಪಿಗೆ ಆ ಸಹೋದರರು ಬಯಸಿದುದು ಹದಿನಾರನೆಯ ತೀರ್ಥಂಕರರ ಪುರಾಣವನ್ನು. ಗುರುವಿನ ಚರಿತ್ರೆಯನ್ನಲ್ಲ ಎಂಬುದನ್ನು ಗಮನಿಸಬೇಕು. ಗುರುವು ಯಾರನ್ನು ನೆನೆಯುತ್ತಿದ್ದರೋ ಅವರ ಕಥೆಯೇ ಗುರುವಿನ ಸ್ಮಾರಕವಾಯಿತು.

ಈ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮಲ್ಲಪನ ಮಗಳೇ ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯ ಪತಿ ನಾಗದೇವನು ಕಾಳಗದಲ್ಲಿ ಮಡಿದನು. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಎಳೆಯ ಮಗ ಅಣ್ಣಿಗದೇವನನ್ನು ಸಾಕುತ್ತ ವ್ರತನಿಷ್ಠೆಯಿಂದ ಬಾಳಿದಳು. ತಂದೆ ಬರೆಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಈಕೆ. 993ರಲ್ಲಿ ರನ್ನನು ಈಕೆಯ ಆಶ್ರಯದಲ್ಲಿ ಅಜಿತಪುರಾಣವನ್ನು ಮುಗಿಸಿದನು. 1007ರ ಲಕ್ಕುಂಡಿ ಶಾಸನವೂ ಈಕೆಯ ದಾನವನ್ನು ಹೊಗಳಿದೆ. ಅತ್ತಿಮಬ್ಬೆಯ ಸಾವಿರ ಪ್ರತಿಗಳನ್ನು ಸಾಹಿತ್ಯಚರಿತ್ರೆಯಲ್ಲಿ ಸಾಹಿತ್ಯಪೋಷಣೆಯ ಅದ್ಭುತವೆಂದು ಹೇಳುತ್ತೇವೆ. ಅದು ಸತ್ಯವೇ. ಆದರೆ ಆ ಗ್ರಂಥವು ಆಕೆಗೆ ಬರಿಯ ಕಾವ್ಯವಾಗಿರಲಿಲ್ಲ. ತಂದೆಯ ಹೆಸರನ್ನೂ, ಚಿಕ್ಕಪ್ಪನ ಹೆಸರನ್ನೂ, ಮನೆತನದ ಗುರುವಿನ ಹೆಸರನ್ನೂ ಹೊತ್ತ ತವರಿನ ಗ್ರಂಥ ಅದು. ಅದನ್ನು ಒಂದೇ ಪ್ರತಿಯಾಗಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ ಸಾವಿರವಾಗಿ ಮಾಡಿ ಬಿಟ್ಟುಕೊಟ್ಟುದೇ ಆಕೆಯ ಹಿರಿಮೆ. ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಗೂ ಗರಿಯನ್ನು ಹದಗೊಳಿಸಿ, ಸಮನಾಗಿ ಕತ್ತರಿಸಿ, ರಂಧ್ರ ಮಾಡಿ, ಕಂಟದಿಂದ ಅಕ್ಷರ ಅಕ್ಷರವಾಗಿ ಕೊರೆದು, ಮಸಿ ತೀಡಿ, ಮೂಲದೊಡನೆ ಹೋಲಿಸಿ ತಿದ್ದಬೇಕಾಗಿತ್ತು. ಸಾವಿರ ಎಂಬ ಸಂಖ್ಯೆಯ ಭಾರವು ಓಲೆಯನ್ನು ಬಿಡಿಸಿ ಓದಿದವರಿಗೆ ಚೆನ್ನಾಗಿ ತಿಳಿಯುತ್ತದೆ.

ಗುರುವು ಅರ್ಧಕ್ಕೆ ಬಿಟ್ಟುಹೋದ ಗ್ರಂಥವು ಶಿಷ್ಯನ ಪಾಲಿಗೆ ಉಳಿಯುವ ನಿದರ್ಶನಗಳೂ ಇವೆ. ವೀರಸೇನಾಚಾರ್ಯರು ಧವಲಾಟೀಕೆಯನ್ನು 816ರಲ್ಲಿ ಮುಗಿಸಿ ಜಯಧವಲೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದವರೆಗೆ ಬರೆದು ಅಗಲಿದರು. ಶಿಷ್ಯ ಜಿನಸೇನರು ಉಳಿದ ನಲವತ್ತು ಸಾವಿರವನ್ನು ಬರೆದು ಶಕ 759ರಲ್ಲಿ, ಎಂದರೆ 837ರಲ್ಲಿ, ಪೂರ್ಣಗೊಳಿಸಿದರು. ಅದೇ ಜಿನಸೇನರು ಆದಿಪುರಾಣದ 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ಬರೆದು ಅಗಲಿದಾಗ ಶಿಷ್ಯ ಗುಣಭದ್ರರು ಅದನ್ನು ಮುಂದುವರಿಸಿ 47 ಪರ್ವಗಳಿಗೆ ಮುಗಿಸಿ ಉತ್ತರಪುರಾಣವನ್ನೂ ರಚಿಸಿದರು. ಮೂರು ಶ್ಲೋಕಗಳಿಗೆ ನಿಂತ ಓಲೆಯನ್ನು ಗುಣಭದ್ರರು ಗುರುಸ್ಮಾರಕವೆಂದು ಮುಟ್ಟದೆ ಇರಿಸಬಹುದಾಗಿತ್ತು. ಹಾಗೆ ಮಾಡದೆ ನಾಲ್ಕನೆಯ ಶ್ಲೋಕವನ್ನು ಬರೆದರು. ಪರೋಕ್ಷವಿನಯಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ಬೇಕಿಲ್ಲ.

5. ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು

ಮೇಲೆ ಹೇಳಿದ ಧವಲಾ, ಜಯಧವಲಾ ಟೀಕೆಗಳ ಹಾಗೂ ಮಹಾಬಂಧದ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದು ಬಂದುದು ಮೂಡಬಿದಿರೆಯಲ್ಲಿ. ಅಗಲವಾದ ಶ್ರೀತಾಳೆಯ ಗರಿಗಳ ಮೇಲೆ ಮಸಿಯಿಂದ ಬರೆದ ಆ ಪ್ರತಿಗಳ ಅಂತ್ಯಪ್ರಶಸ್ತಿಗಳಲ್ಲಿ ಇಬ್ಬರು ಮಹಿಳೆಯರ ಹೆಸರುಗಳಿವೆ. ಧವಲೆಯ ಪ್ರತಿಯನ್ನು ದೇಮಿಯಕ್ಕನು ಶ್ರುತಪಂಚಮಿ ವ್ರತದ ಉದ್ಯಾಪನೆಗಾಗಿ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಇವರು 1123ರಲ್ಲಿ ಅಗಲಿದ ಶುಭಚಂದ್ರರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಇವು ಅಗಲಿದವರ ಹೆಸರಿನಲ್ಲಿ ಕೊಟ್ಟವಲ್ಲ, ವ್ರತದಾನಗಳು. ಆದರೆ ಕೊಟ್ಟವರೇ ಅಗಲಿ ಹೋದ ಮೇಲೆ ಈ ಗ್ರಂಥಗಳೇ ಅವರ ನೆನಪಾಗಿ ಉಳಿದುವು. ಪ್ರಶಸ್ತಿಯ ಕೆಲವು ಪದ್ಯಗಳು ಇಲ್ಲದಿದ್ದಲ್ಲಿ ಇವರ ದಾನವು ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಗ್ರಂಥಗಳ ಮುಂದಿನ ಚರಿತ್ರೆಯಲ್ಲಿ ನಮಗೆ ಒಂದು ಪಾಠವಿದೆ. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದುವು. ದೂರದಿಂದ ಬಂದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ಭಕ್ತಿಯೇ ಅವನ್ನು ಕಾಪಾಡಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಓದದೆ ಇರಿಸಿದ ಗರಿಗಳು ಒಳಗೊಳಗೇ ಸವೆಯುತ್ತಿದ್ದುವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾಗಿ, ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದುವು. ವಿನಯದಿಂದ ಸ್ವಾಧ್ಯಾಯಕ್ಕೆ ಸಾಗಲು ಈ ಗ್ರಂಥಗಳಿಗೆ ಅಷ್ಟು ದೀರ್ಘಕಾಲ ಬೇಕಾಯಿತು.

6. ಮನೆಗಳಲ್ಲಿರುವ ಹಸ್ತಪ್ರತಿಗಳು

ಬಸದಿಗಳಲ್ಲಿ ನಡೆದುದೇ ಸಣ್ಣ ಪ್ರಮಾಣದಲ್ಲಿ ಮನೆಗಳಲ್ಲೂ ನಡೆಯುತ್ತಿದೆ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಶ್ರಾವಕರ ಮನೆಗಳಲ್ಲಿ ನೋಂಪಿಯ ಕಥೆಗಳು, ಭರತೇಶವೈಭವ, ಆರಾಧನಾವಿಧಿ, ವೈದ್ಯ, ಜ್ಯೋತಿಷ್ಯಗಳ ಕಟ್ಟುಗಳು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತವೆ. ಇವನ್ನು ಕೇಳಿಕೊಂಡು ಹೋದ ಕ್ಷೇತ್ರಕಾರ್ಯಕರ್ತರು ‘ಕೊಡಲು ಒಪ್ಪಲಿಲ್ಲ’ ಎಂದು ವರದಿಯಲ್ಲಿ ಬರೆದು, ಅದನ್ನು ಅಜ್ಞಾನವೆಂದು ಎಣಿಸುವುದುಂಟು. ಈ ಎಣಿಕೆ ಸರಿಯಲ್ಲ.

ಕರಾವಳಿಯ ಒಂದು ಮನೆಯಲ್ಲಿ ಹಿರಿಯ ತಾಯಿಯೊಬ್ಬರು ನೋಂಪಿಯ ಕಥೆಗಳ ಕಟ್ಟನ್ನು ತೋರಿಸಿ, “ಇದು ನಮ್ಮ ಮಾವನವರ ಕೈಬರಹ. ಇದನ್ನೂ ಕೊಟ್ಟರೆ ಮನೆಯಲ್ಲಿ ಅವರದ್ದೆನ್ನುವುದು ಏನುಳಿಯಿತು, ಹೇಳಿ?” ಎಂದು ನನ್ನನ್ನು ಕೇಳಿದರು. ಹಳೆಯ ಅಕ್ಷರವನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಆದರೆ ಮಾವನವರು ಓದುತ್ತಿದ್ದುದನ್ನು ಕೇಳಿ ಕಥೆಗಳು ಬಾಯಿಗೆ ಬಂದಿದ್ದುವು. ನಾನು ಗರಿಗಳನ್ನು ಬಿಡಿಸಿ ಓದತೊಡಗಿದಾಗ ಅವರು ನನಗಿಂತ ಮೊದಲೇ ಮುಂದಿನ ಮಾತನ್ನು ಹೇಳುತ್ತಿದ್ದರು. ಎರಡು ಕಡೆ ಹುಳು ತಿಂದು ಹೋಗಿದ್ದ ಪದಗಳು ಅವರ ಬಾಯಿಂದಲೇ ದೊರೆತುವು. ಕಟ್ಟನ್ನು ಕೇಳುವ ಮಾತನ್ನು ನಾನು ಅಲ್ಲಿಗೆ ಬಿಟ್ಟೆ. ಛಾಯಾಪ್ರತಿ ತೆಗೆದುಕೊಳ್ಳಲು ಅವರು ಸಂತೋಷದಿಂದ ಒಪ್ಪಿದರು. ಆ ಕಟ್ಟು ಆ ಮನೆಯಲ್ಲಿ ಇದ್ದುದರಿಂದಲೇ ಲುಪ್ತವಾದ ಪಾಠವು ಉಳಿದಿತ್ತೆಂಬುದನ್ನು ಪಾಠಸಂಪಾದಕರು ಯೋಚಿಸಬೇಕು.

ಆದರೆ ಇಂತಹ ಕಟ್ಟುಗಳಲ್ಲಿ ಬಹುಪಾಲಿನ ಸ್ಥಿತಿ ಇಷ್ಟು ಒಳ್ಳೆಯದಲ್ಲ. ಓದಿ ಕೇಳಿಸಿಕೊಂಡ ತಲೆಮಾರು ಮುಗಿದ ಮೇಲೆ ಕಟ್ಟು ಉಳಿದು ಕಥೆ ಹೋಗುತ್ತದೆ. ಹಿರಿಯರದೆಂಬ ಗೌರವದಿಂದ ಯಾರೂ ಮುಟ್ಟುವುದಿಲ್ಲ. ಮುಟ್ಟದ ಕಟ್ಟಿಗೆ ತೇವ, ಹುಳು, ಗೆದ್ದಲು ಹಿಡಿಯುತ್ತವೆ. ಕೊನೆಗೆ ಗರಿಗಳು ಒಂದಕ್ಕೊಂದು ಅಂಟಿ ಬಿಡಿಸಲಾಗದಂತೆ ಆದಾಗ, ಪೂಜ್ಯವಸ್ತುವೆಂದು ನೀರಿಗೆ ಬಿಡುವುದೂ ಉಂಟು. ಪ್ರೀತಿಯಿಂದ ಇರಿಸಿಕೊಂಡ ವಸ್ತುವು ಪ್ರೀತಿಯಿಂದಲೇ ನಾಶವಾಗುವ ಬಗೆ ಇದು.

7. ಕರ್ತವ್ಯ

ಮನೆಯವರಿಗೆ ಹೇಳಬೇಕಾದುದು ಹೆಚ್ಚೇನಿಲ್ಲ. ವರ್ಷಕ್ಕೆ ಒಮ್ಮೆಯಾದರೂ, ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು, ಕಟ್ಟನ್ನು ಬಿಚ್ಚಬೇಕು. ಮೃದುವಾದ ಒಣ ಬಟ್ಟೆಯಿಂದ ಗರಿಗಳ ಧೂಳನ್ನು ಒರಸಿ, ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಗಾಳಿಯಾಡಿಸಿ, ಹಲಗೆಗಳ ನಡುವೆ ಇರಿಸಿ, ಹೊಸ ಹತ್ತಿಬಟ್ಟೆಯಲ್ಲಿ ಕಟ್ಟಬೇಕು. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಎಳೆಯಕೂಡದು. ಅದನ್ನು ತಿಳಿದವರಿಗೆ ಒಪ್ಪಿಸಬೇಕು. ಓದಬಲ್ಲವರನ್ನು ಕರೆಸಿ ಒಂದು ಭಾಗವನ್ನಾದರೂ ಮನೆಮಂದಿಯೆಲ್ಲ ಕೇಳುವಂತೆ ಓದಿಸಬೇಕು. ಛಾಯಾಪ್ರತಿಗೆ ಅವಕಾಶ ಕೊಡಬೇಕು. ಕೊಟ್ಟುದರಿಂದ ಅಜ್ಜನ ಗ್ರಂಥವು ಕಡಿಮೆಯಾಗುವುದಿಲ್ಲ. ಅತ್ತಿಮಬ್ಬೆ ಸಾವಿರ ಸಲ ಮಾಡಿದ ಕೆಲಸವನ್ನು ಒಂದು ಸಲ ಮಾಡಿದಂತಾಗುತ್ತದೆ.

ಸಂಶೋಧಕರ ಹೊಣೆ ಇದಕ್ಕಿಂತ ದೊಡ್ಡದು. ಗ್ರಂಥ, ಕರ್ತೃ, ಗರಿಗಳ ಸಂಖ್ಯೆ, ಅಳತೆ ಇಷ್ಟನ್ನು ಬರೆದುಕೊಂಡರೆ ಸಾಲದು. ಯಾರು ಬರೆದರು, ಯಾರಿಗಾಗಿ ಬರೆಸಿದರು, ಯಾವ ವ್ರತಕ್ಕೆ ಅಥವಾ ಯಾರ ನೆನಪಿಗೆ, ಆಮೇಲೆ ಯಾರ ಕೈಸೇರಿತು ಎಂಬುದನ್ನು ಪ್ರಶಸ್ತಿಯಿಂದಲೂ ಲಿಪಿಕಾರನ ಸಮಾಪ್ತಿವಾಕ್ಯದಿಂದಲೂ ಮನೆಯವರ ಬಾಯಿಂದಲೂ ಸಂಗ್ರಹಿಸಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಪ್ರಕಟವಾದ ತಾಡಪತ್ರೀಯ ಗ್ರಂಥಸೂಚಿಯು ಮೂಡಬಿದಿರೆ ಮೊದಲಾದ ಕಡೆಗಳ ಭಂಡಾರಗಳ ಬಾಗಿಲನ್ನು ತೆರೆಯಿತು. ಮನೆಗಳ ಕಟ್ಟುಗಳಿಗೂ ಅಂತಹ ಸೂಚಿ ಬೇಕು. ಅದರಲ್ಲಿ ಈ ನೆನಪಿನ ವಿವರಗಳಿಗೂ ಒಂದು ಅಂಕಣವಿರಬೇಕು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾದ ಮೇಲೆ ಗಣಕಯಂತ್ರದ ನೆರವಿನಿಂದ ಅಸಂಖ್ಯ ಗರಿಗಳ ಬಿಂಬಗಳು ಸಂಗ್ರಹವಾಗಿವೆ. ಬಿಂಬವು ಪಾಠವನ್ನು ಕಾಪಾಡುತ್ತದೆ. ಆದರೆ ಹರಕು ಬಟ್ಟೆ, ಸವೆದ ದಾರ, ಅಂಚಿನಲ್ಲಿ ಬೇರೆ ಕೈಯಲ್ಲಿ ಬರೆದ ಒಂದು ಹೆಸರು ಇವುಗಳ ಅರ್ಥವನ್ನು ಕೇಳಿ ಬರೆದುಕೊಳ್ಳದಿದ್ದರೆ ಅದು ಹೇಳುವವರೊಡನೆ ಹೋಗಿಬಿಡುತ್ತದೆ.

ಅಗಲಿದವರು ವಸ್ತುವಿನೊಳಗೆ ಇಲ್ಲವೆಂದು ಸಿದ್ಧಾಂತವು ಸ್ಪಷ್ಟವಾಗಿ ಹೇಳಿದೆ. ಅವರ ಗುಣದ ಸ್ಮರಣೆ ಯಥಾರ್ಥವೆಂದೂ ಅದೇ ಸಿದ್ಧಾಂತವು ಹೇಳಿದೆ. ಈ ಎರಡು ಮಾತುಗಳ ನಡುವೆ ನಮ್ಮ ಹಿರಿಯರು ಗ್ರಂಥವನ್ನು ಇರಿಸಿದರು. ಅದನ್ನು ಕಾಪಾಡಿ, ಓದಿ, ಮತ್ತೊಬ್ಬರ ಕೈಗೆ ಕೊಡುವುದೇ ಅದನ್ನು ಬರೆದವರಿಗೂ ಬರೆಸಿದವರಿಗೂ ನಾವು ಸಲ್ಲಿಸಬಹುದಾದ ಪರೋಕ್ಷವಿನಯ.